ಎಲ್ಲಾ ಹಸಿರಾಗಿದೆ ಸಾರ್, ಲಾಗಿನ್ ಮಾತ್ರ ಆಗ್ತಿಲ್ಲ

ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿರುವವರಿಗೆಲ್ಲ ಈ ಫೋನ್ ಬಂದೇ ಇರುತ್ತದೆ. ಗೋಡೆ ಮೇಲಿನ ಟಿವಿಯಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಅಂದರೆ ಸರ್ವರ್ ಎಲ್ಲಾ ಸರಿಯಾಗಿದೆ ಅಂತ. ಆ ಕಡೆಯಿಂದ ಅಕೌಂಟ್ಸ್ ಮೇಡಂ, "ಬೆಳಗ್ಗೆಯಿಂದ ಒಂದು ಬಿಲ್ಲೂ ಸೇವ್ ಆಗ್ತಿಲ್ಲ, ನೀವೇನ್ ನೋಡ್ತಾ ಕೂತಿದ್ದೀರಿ?" ಅಂತ ಕೇಳುತ್ತಾರೆ. ಕೇಳೋದ್ರಲ್ಲಿ ತಪ್ಪೇನಿಲ್ಲ ಬಿಡಿ.

ಸುಮಾರು ಕಡೆ ಮಾನಿಟರಿಂಗ್ ಅಂದ್ರೆ ಇವತ್ತಿಗೂ ಪಿಂಗ್ ಅಷ್ಟೇ, ಅಂದರೆ ಮಷಿನ್‌ಗೆ 'ಇದ್ದೀಯಾ?' ಅಂತ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತಾ ನೋಡೋದು. 1983ರಲ್ಲಿ ಮೈಕ್ ಮೂಸ್ ಆ ಪ್ರೋಗ್ರಾಂ ಬರೆದದ್ದು ನೆಟ್‌ವರ್ಕ್ ಎಲ್ಲಿ ಕೆಟ್ಟಿದೆ ಅಂತ ಹುಡುಕೋಕೆ. ಆ ಕೆಲಸಕ್ಕೆ ಈಗಲೂ ಅದಕ್ಕಿಂತ ಒಳ್ಳೇದು ಬೇಕಿಲ್ಲ. ಆದರೆ ಪಿಂಗ್‌ಗೆ ಉತ್ತರ ಕೊಡುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಡೇಟಾಬೇಸ್ ನಿಂತು ಹೋಗಿರಲಿ, ಡಿಸ್ಕ್ ತುಂಬಿರಲಿ, ಅದರ ಪಾಡಿಗೆ ಅದು "ಇದ್ದೀನಿ" ಅನ್ನುತ್ತಲೇ ಇರುತ್ತದೆ. ನಾಯಿ ಬೊಗಳಿತು, ಅಂದಮೇಲೆ ಯಜಮಾನರು ಮನೇಲೇ ಇದ್ದಾರೆ ಅಂದ ಹಾಗಾಯ್ತು.

ಡಿಸ್ಕ್ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ತೋರಿಸುವ 'ಡಿಎಫ್ -ಎಚ್' ಕಮಾಂಡ್ ಹೊಡೆದರೆ ಅರ್ಧ ಜಾಗ ಖಾಲಿ ಅನ್ನುತ್ತದೆ, ಆದ್ರೂ ಹೊಸ ಫೈಲ್ ಬರೆಯೋಕೆ ಆಗ್ತಿರಲ್ಲ. 'ಡಿಎಫ್ -ಐ' ಹೊಡೆದು ನೋಡಿ, ಐನೋಡ್ (ಪ್ರತಿ ಫೈಲಿಗೂ ಬೇಕಾಗುವ ದಾಖಲೆ ಜಾಗ) 100% ಮುಗಿದಿರುತ್ತದೆ. ಯಾರೂ ಅಳಿಸದ ಸಣ್ಣ ಸಣ್ಣ ಸೆಷನ್ ಫೈಲುಗಳು ಲಕ್ಷಗಟ್ಟಲೆ ಕೂತಿರುತ್ತವೆ. ನಾಗಿಯೋಸ್, ಜ್ಯಾಬಿಕ್ಸ್ ಅನ್ನೋ ಮಾನಿಟರಿಂಗ್ ಸಾಫ್ಟ್‌ವೇರ್ ಎರಡರಲ್ಲೂ ಇದಕ್ಕೆ ಅಲರ್ಟ್ ಹಾಕಬಹುದು. ಹಾಕಿರೋರು ಕಮ್ಮಿ.

ಜನ ಏನು ಮಾಡ್ತಾರೋ ಅದನ್ನೇ ಮಾಡಿ ನೋಡಬೇಕು. ಐದು ನಿಮಿಷಕ್ಕೊಮ್ಮೆ ಒಂದು ಟೆಸ್ಟ್ ಯೂಸರ್ ಲಾಗಿನ್ ಆಗಲಿ, ಒಂದು ಡಮ್ಮಿ ಬಿಲ್ ಸೇವ್ ಮಾಡಿ ಅಳಿಸಲಿ. ಅದು ಆಗದಿದ್ದರೆ ಕೆಂಪು, ಉಳಿದದ್ದೆಲ್ಲ ಆಮೇಲೆ.

ಇದೆಲ್ಲ ಅದೇ ಸರ್ವರ್ ರೂಮಿನೊಳಗಿಂದ ಮಾಡಿದರೆ ಪ್ರಯೋಜನ ಇಲ್ಲ, ಹೊರಗಿನಿಂದಲೂ ನೋಡಬೇಕು. ಅಮೆಜಾನ್‌ನಂಥವರೇ ಇದರಲ್ಲಿ ಎಡವಿದ್ದಾರೆ. 2017ರ ಫೆಬ್ರವರಿ 28ರಂದು ಅವರ ಎಸ್3, ಅಂದರೆ ಫೈಲ್ ಇಡುವ ಕ್ಲೌಡ್ ಸೇವೆ, ಬಿದ್ದಾಗ, ಬಿದ್ದಿದೆ ಅಂತ ಹೇಳಬೇಕಾದ ಸ್ಟೇಟಸ್ ಪುಟವನ್ನು ಬದಲಿಸುವ ಸಾಧನವೂ ಎಸ್3 ಮೇಲೇ ನಿಂತಿತ್ತು. ಕೊನೆಗೆ ಟ್ವಿಟರ್‌ನಲ್ಲಿ ಹೇಳಬೇಕಾಯ್ತು!

ಹೊರಗೊಂದು ಸಣ್ಣ ಮಷಿನ್ ಬೇಕು ಅಂದ್ರೆ ಮ್ಯಾನೇಜರ್‌ಗಳು ಬಜೆಟ್ ಇಲ್ಲ ಅಂತಾರೆ. ತಿಂಗಳ ಕೊನೆಗೆ ಮಾತ್ರ 99.9% ಅಪ್‌ಟೈಮ್ ರಿಪೋರ್ಟ್ ಬೇಕು. ಅಂದರೆ ಇಡೀ ತಿಂಗಳಲ್ಲಿ ಸುಮಾರು 43 ನಿಮಿಷಕ್ಕಿಂತ ಜಾಸ್ತಿ ನಿಲ್ಲಬಾರದು. ನಿಮ್ಮ ಆಫೀಸಿನಲ್ಲೂ ಅಂಥ ರಿಪೋರ್ಟ್ ಬರುತ್ತಿದ್ದರೆ, ಆ ಅಂಕಿ ಪಿಂಗ್‌ನಿಂದ ಬಂದದ್ದೋ ಲಾಗಿನ್ ಮಾಡಿ ನೋಡಿ ಬಂದದ್ದೋ ಅಂತ ಒಂದ್ಸಲ ಕೇಳಿ, ಕಾಮೆಂಟಲ್ಲಿ ಹೇಳಿ.