ಹಾಕಿ ಹುಡುಗನ ವಾರಾನ್ನ

ಕೆನಡಾದ ರೆಡ್ ಡೀರ್‌ನಲ್ಲಿ ನಮ್ಮ ಪಕ್ಕದ ಮನೆಯವರ ಮಕ್ಕಳೆಲ್ಲ ದೊಡ್ಡವರಾಗಿ ಬೇರೆ ಊರು ಸೇರಿದ್ದಾರೆ. ಆದರೂ ಬೇಸಿಗೆ ಮುಗಿಯುತ್ತಿದ್ದಂತೆ ಹದಿನಾರೋ ಹದಿನೇಳೋ ವಯಸ್ಸಿನ ಹುಡುಗನೊಬ್ಬ ತನ್ನಷ್ಟೇ ದೊಡ್ಡ ಚೀಲ ಹೊತ್ತು ಅವರ ಬಾಗಿಲಿಗೆ ಬರುತ್ತಾನೆ. ಊರಿನ ಜೂನಿಯರ್ ಐಸ್ ಹಾಕಿ ತಂಡ ಅವನನ್ನು ಆರಿಸಿಕೊಂಡಿರುತ್ತದೆ. ಹೆತ್ತವರು ಮ್ಯಾನಿಟೋಬಾದಲ್ಲಿ, ಸಾವಿರ ಕಿಲೋಮೀಟರ್ ಆಚೆ. ಮುಂದಿನ ವಸಂತದವರೆಗೂ ಅವನ ಊಟ, ನಿದ್ದೆ, ಶಾಲೆ ಎಲ್ಲವೂ ಇಲ್ಲೇ. ಇಂಥ ಮನೆಗೆ ಇಲ್ಲಿಯವರು ಬಿಲೆಟ್ ಎನ್ನುತ್ತಾರೆ. ಮೊದಲ ಸಲ ಇದನ್ನು ಕೇಳಿದಾಗ ನನ್ನ ಬಾಯಿಗೆ ಬಂದ ಮಾತು: ಓ, ವಾರಾನ್ನ!

ನಮ್ಮ ತಂದೆ 1950ರ ದಶಕದಲ್ಲಿ ಮೈಸೂರಿನಲ್ಲಿ ಓದಿದ್ದು ವಾರಾನ್ನದ ಮೇಲೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಶುಕ್ರವಾರದ ಮನೆಯಾಕೆಯದು ಬಡಿಸುವ ಕೈ ಬಿಗಿ ಎಂದು ಎಂಬತ್ತರಲ್ಲೂ ನೆನೆಯುತ್ತಿದ್ದರು. ಜಾತಿ ನೋಡಿ ಎಲೆ ಹಾಕುತ್ತಿದ್ದ ಕಾಲ ಅದು. ಹಾಗಾಗಿ ಅದನ್ನು ಹೊಗಳಿ ಅಟ್ಟಕ್ಕೇರಿಸಲು ನನಗೆ ಮನಸ್ಸಿಲ್ಲ.

ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಆಟಗಾರರ ಸಂಬಳ ಕೇಳಿ ಬಾಯಿ ಬಿಡುವವರಿಗೆ ಈ ಅಡುಗೆಮನೆಗಳು ಕಾಣುವುದಿಲ್ಲ. ಸಿಡ್ನಿ ಕ್ರಾಸ್ಬಿಯನ್ನೇ ನೋಡಿ. ನೋವಾ ಸ್ಕೋಷಿಯಾದ ಕೋಲ್ ಹಾರ್ಬರ್‌ನ ಹುಡುಗ. ಹದಿನಾರಕ್ಕೆ ಕ್ವಿಬೆಕ್‌ನ ರಿಮೂಸ್ಕಿಗೆ ಆಡಲು ಹೋದ. ಊರಿನ ಭಾಷೆ ಫ್ರೆಂಚ್, ಅದನ್ನೂ ಕಲಿತ. 2005ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಚ್‌ಎಲ್ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಮೊದಲ ಹೆಸರೇ ಅವನದು. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡಕ್ಕೆ ಹೋದಾಗ ಇಳಿದುಕೊಂಡದ್ದು ತಂಡದ ಒಡೆಯನೂ ಆಟಗಾರನೂ ಆಗಿದ್ದ ಮಾರಿಯೋ ಲೆಮ್ಯೂ ಮನೆಯಲ್ಲಿ. ಮೊದಲ ವರ್ಷವೇ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ 102 ಅಂಕ, 2007ರಲ್ಲಿ ನಾಯಕತ್ವ, 2009ರಲ್ಲಿ ಲೀಗ್ ಗೆದ್ದ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್. ಕಪ್ ಎತ್ತಿದ ನಾಯಕ ಆಗಲೂ ಪರರ ಮನೆಯ ಮಗನೇ. 2010ರವರೆಗೂ ಅಲ್ಲೇ ಇದ್ದ. ಅವನಿಗೇನು ಬಾಡಿಗೆಗೆ ಮನೆ ಸಿಗುತ್ತಿರಲಿಲ್ಲವೇ?

ಎಲ್ಲರೂ ಕ್ರಾಸ್ಬಿಗಳಾಗುವುದಿಲ್ಲ ಎನ್ನುವುದು ಬೇರೆ ಮಾತು. ಡ್ರಾಫ್ಟ್‌ನಲ್ಲಿ 32 ತಂಡಗಳು ಏಳು ಸುತ್ತಿನಲ್ಲಿ ಕರೆಯುವುದು 224 ಹೆಸರು. ಅವರಲ್ಲೂ ಬಹಳಷ್ಟು ಜನ ಕೆಳಗಿನ ಲೀಗ್‌ಗಳಲ್ಲೇ ಸವೆಯುತ್ತಾರೆ.

ಮೊನ್ನೆ ಕನ್ನಡಿಗರ ಊಟದ ಕೂಟದಲ್ಲಿ ಗೆಳೆಯರೊಬ್ಬರು, ‘ಆಟಕ್ಕಾಗಿ ಮಕ್ಕಳನ್ನು ಹದಿನಾರಕ್ಕೇ ಮನೆಯಿಂದ ಅಟ್ಟುತ್ತಾರಲ್ಲ, ಎಂಥ ಜನ!’ ಎಂದರು. ಅವರ ಅಣ್ಣನ ಮಗಳಿಗೂ ಹದಿನಾರೇ. ಮಂಗಳೂರಿನ ಪಿಯು ಹಾಸ್ಟೆಲ್ ಒಂದರಲ್ಲಿ ನಸುಕಿನಲ್ಲೇ ಎದ್ದು ನೀಟ್ ಪರೀಕ್ಷೆಗೆ ಓದುತ್ತಿದ್ದಾಳೆ. ನಾನು ನಕ್ಕೆ; ಅವರಿಗೆ ಸಿಟ್ಟು ಬಂತು. ಅಟ್ಟುವುದರಲ್ಲಿ ನಾವೇನೂ ಕಡಿಮೆಯಿಲ್ಲ. ಆದರೆ ನಮ್ಮ ಹುಡುಗಿಗೆ ಸಿಕ್ಕವರು ವಾರ್ಡನ್, ಈ ಹುಡುಗನಿಗೆ ಸಿಕ್ಕದ್ದು ಜ್ವರ ಬಂದರೆ ಹಣೆ ಮುಟ್ಟಿ ನೋಡುವ ಕೈ. ಇನ್ನೂ ಒಂದಿದೆ: ಇಲ್ಲಿನ ವೆಸ್ಟರ್ನ್ ಹಾಕಿ ಲೀಗ್ ಎಂಬ ಜೂನಿಯರ್ ಲೀಗ್‌ನಲ್ಲಿ ಆಡಿದ ಒಂದೊಂದು ಋತುವಿಗೂ ಒಂದೊಂದು ವರ್ಷದ ಕಾಲೇಜು ಶುಲ್ಕ ಸಿಗುತ್ತದೆ. ನೀಟ್ ಕೈಕೊಟ್ಟವಳಿಗೆ ಯಾರು ಏನು ಕೊಡುತ್ತಾರೆ?

ಈ ಮನೆಗಳು ಅಳುವುದನ್ನೂ ಈ ದೇಶ ಕಂಡಿದೆ. 2018ರ ಏಪ್ರಿಲ್ 6ರಂದು ಸಸ್ಕಾಚೆವಾನ್‌ನಲ್ಲಿ ಹಂಬೋಲ್ಟ್ ಬ್ರಾಂಕೋಸ್ ಎಂಬ ಜೂನಿಯರ್ ಹಾಕಿ ತಂಡದ ಬಸ್ಸಿಗೂ ಲಾರಿಗೂ ಡಿಕ್ಕಿಯಾಗಿ 16 ಜನ ಸತ್ತರು. ಹೆತ್ತ ಮನೆಯ ಜೊತೆಗೆ ಅನ್ನ ಹಾಕಿದ ಮನೆಯಲ್ಲೂ ಸೂತಕ. ಆ ವಾರ ಕೆನಡಾದ ಉದ್ದಗಲಕ್ಕೂ ಜನ ಹಾಕಿ ಕೋಲುಗಳನ್ನು ಮನೆಯ ಹೊರಗಿಟ್ಟು ದೀಪ ಉರಿಸಿದರು.

ಮುಂದಿನ ಸೆಪ್ಟೆಂಬರ್‌ಗೆ ನಾವೂ ಒಬ್ಬ ಹುಡುಗನನ್ನು ಇರಿಸಿಕೊಳ್ಳೋಣವೇ ಎಂದು ಹೆಂಡತಿಯನ್ನು ಕೇಳಿದೆ. ಅವಳು ಕೇಳಿದ್ದು ಇಷ್ಟೇ: ಅಷ್ಟೆತ್ತರದ ಹುಡುಗನಿಗೆ ಒಂದು ಹೊತ್ತಿಗೆ ಎಷ್ಟು ಪಾವು ಅಕ್ಕಿ ಹಾಕಬೇಕು? ಪಕ್ಕದ ಮನೆಯವರನ್ನು ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ. ಪಾವು ಎಂದರೇನೆಂದು ಅವರಿಗೆ ತಿಳಿಸುವುದೇ ಕಷ್ಟ.