ಟ್ರೋಜನ್ ತೆಗೆದ ಮೇಲೆ ಇರುವ ಕೆಲಸವೇ ದೊಡ್ಡದು

"ಗೊತ್ತಿಲ್ಲದವರಿಂದ ಬಂದ ಮೇಲ್ ತೆರೆಯಬೇಡಿ" ಅನ್ನುವ ಸಲಹೆಯನ್ನು ಇನ್ನಾದರೂ ಕೊಡೋದು ನಿಲ್ಲಿಸೋಣ. ಆಡಿಟರ್ ಆಫೀಸಿನಲ್ಲಿ ಕೂತವರಿಗೆ, ಕಾಲೇಜಿನ ಅಡ್ಮಿಷನ್ ನೋಡಿಕೊಳ್ಳುವವರಿಗೆ, ಪೀಣ್ಯದ ಸಣ್ಣ ವರ್ಕ್‌ಶಾಪಿನಿಂದ ಕೊಟೇಶನ್ ಕಳಿಸುವವರಿಗೆ ಗೊತ್ತಿಲ್ಲದವರ ಮೇಲ್ ತೆರೆಯುವುದೇ ದಿನದ ಕೆಲಸ. ತೆರೆಯದಿದ್ದರೆ ಸಂಬಳ ಯಾರು ಕೊಡುತ್ತಾರೆ? ಅದೂ ಅಲ್ಲದೆ, ಈಗೀಗ ಟ್ರೋಜನ್, ಅಂದರೆ ಒಳ್ಳೆಯ ಫೈಲಿನ ವೇಷದಲ್ಲಿ ಕಂಪ್ಯೂಟರ್ ಒಳಗೆ ನುಗ್ಗುವ ಕಳ್ಳ ಪ್ರೋಗ್ರಾಂ, ಬರುವುದು ಎಷ್ಟೋ ಸಲ ಚೆನ್ನಾಗಿ ಗೊತ್ತಿರುವವರ ಹೆಸರಿನಲ್ಲೇ.

ಎಮೋಟೆಟ್ ಅನ್ನುವ ಟ್ರೋಜನ್ ವಿಷಯ ಹೇಳುತ್ತೇನೆ. 2014ರಲ್ಲಿ ಮೊದಲು ಕಾಣಿಸಿಕೊಂಡಾಗ ಅದು ಜರ್ಮನಿ, ಆಸ್ಟ್ರಿಯಾ ಕಡೆಯ ಬ್ಯಾಂಕ್ ಗ್ರಾಹಕರ ಲಾಗಿನ್ ಕದಿಯುತ್ತಿತ್ತು. ಆಮೇಲೆ ಅದನ್ನು ನಡೆಸುವವರು ದಂಧೆ ಬದಲಾಯಿಸಿದರು. ಕಂಪ್ಯೂಟರ್ ಒಳಗೆ ಹೋಗಿ ಕೂತು, ಬೇರೆ ಕಳ್ಳರ ಮಾಲ್‌ವೇರ್‌ಗೆ, ಅಂದರೆ ಕೆಡುಕು ಮಾಡುವ ಪ್ರೋಗ್ರಾಂಗಳಿಗೆ, ಬಾಗಿಲು ತೆಗೆದುಕೊಡುವುದು ಅದರ ಕೆಲಸವಾಯಿತು. ಮೊದಲು ಎಮೋಟೆಟ್, ಅದರ ಹಿಂದೆ ಟ್ರಿಕ್‌ಬಾಟ್ ಅನ್ನುವ ಇನ್ನೊಂದು ಟ್ರೋಜನ್, ಕೊನೆಗೆ ಫೈಲುಗಳನ್ನೆಲ್ಲ ಲಾಕ್ ಮಾಡಿ ದುಡ್ಡು ಕೇಳುವ ರ್‍ಯೂಕ್. 2019ರಿಂದ ಅದು ಇನ್ನೊಂದು ಕೆಲಸವನ್ನೂ ಶುರು ಮಾಡಿತು. ಒಬ್ಬರ ಕಂಪ್ಯೂಟರಿನಿಂದ ಹಳೆಯ ಮೇಲ್‌ಗಳನ್ನು ಕದ್ದು, ಅದೇ ಮಾತುಕತೆಗೆ ಉತ್ತರ ಬರೆದ ಹಾಗೆ ಅಟ್ಯಾಚ್‌ಮೆಂಟ್ ಕಳಿಸುವುದು. ಅಂದರೆ ಹೋದ ತಿಂಗಳು ನೀವು ಸಪ್ಲೈಯರ್‌ಗೆ ಬರೆದ ನಿಜವಾದ ಮೇಲ್ ಕೆಳಗಡೆ ಹಾಗೇ ಇರುತ್ತದೆ, ಸಬ್ಜೆಕ್ಟ್ ಕೂಡ ಅದೇ, ಮೇಲೆ ಮಾತ್ರ "ಈ ಫೈಲ್ ನೋಡಿ" ಅಂತ ಒಂದು ಸಾಲು. ಇದಕ್ಕೆ ಮೋಸ ಹೋದವರನ್ನು ದಡ್ಡರು ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಏನನ್ನು ನೋಡಬೇಕು? ಕಳಿಸಿದವರ ಹೆಸರಿಗಿಂತ ಫೈಲನ್ನು ನೋಡಿ. ವಿಂಡೋಸ್ ಸುಮ್ನೆ ಬಿಟ್ಟರೆ ಫೈಲ್ ಹೆಸರಿನ ಕೊನೆಯ ಭಾಗವನ್ನು, ಅಂದರೆ ಎಕ್ಸ್‌ಟೆನ್ಷನ್ ಅನ್ನು ಬಚ್ಚಿಡುತ್ತದೆ. ಕೊನೆಯಲ್ಲಿ ಇಎಕ್ಸ್‌ಇ ಇದ್ದರೆ ಅದು ಪ್ರೋಗ್ರಾಂ, ಆದರೆ "ಇನ್‌ವಾಯ್ಸ್.ಪಿಡಿಎಫ್.ಇಎಕ್ಸ್‌ಇ" ಅಂತ ಇರುವ ಫೈಲ್ ನಿಮಗೆ "ಇನ್‌ವಾಯ್ಸ್.ಪಿಡಿಎಫ್" ಅಂತ ಕಾಣುತ್ತದೆ. 2000ನೇ ಇಸವಿಯ ಮೇ ತಿಂಗಳಲ್ಲಿ ಜಗತ್ತನ್ನೇ ಸುತ್ತಿದ ಐ ಲವ್ ಯೂ ವೈರಸ್ ಕೂಡ ಇದೇ ದಾರಿಯಲ್ಲಿ ಬಂದಿತ್ತು, ಟೆಕ್ಸ್ಟ್ ಫೈಲ್ ಥರ ಕಾಣುವ ವಿಬಿಎಸ್ ಸ್ಕ್ರಿಪ್ಟ್ (ಒತ್ತಿದರೆ ಓಡುವ ಸಣ್ಣ ಪ್ರೋಗ್ರಾಂ) ಆಗಿ. ಇಷ್ಟು ವರ್ಷ ಆದ ಮೇಲೂ ಮೈಕ್ರೋಸಾಫ್ಟ್ ಇದನ್ನು ಬದಲಾಯಿಸದೆ ಹಾಗೇ ಬಿಟ್ಟಿರುವುದು ನನ್ನ ಪ್ರಕಾರ ದೊಡ್ಡ ತಪ್ಪು. ಫೈಲ್ ಎಕ್ಸ್‌ಪ್ಲೋರರ್ ತೆರೆದು, ವ್ಯೂ ಮೆನುವಿನಲ್ಲಿ (ವಿಂಡೋಸ್ 11 ಆದರೆ ಅದರೊಳಗಿನ "ಶೋ"ನಲ್ಲಿ) "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಆನ್ ಮಾಡಿ. ದಯವಿಟ್ಟು ಈಗಲೇ ಮಾಡಿ, ಆಮೇಲೆ ಮುಂದೆ ಓದಿ.

ಇನ್ನೊಂದು ಗುರುತು, ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್, ಅದರ ಪಾಸ್‌ವರ್ಡ್ ಅದೇ ಮೇಲ್‌ನಲ್ಲಿ. ಬೀಗದ ಜೊತೆಗೇ ಕೀಲಿ ಕೊಡುವುದಾದರೆ ಬೀಗ ಯಾಕೆ? ವೈರಸ್ ಹುಡುಕುವ ಸ್ಕ್ಯಾನರ್ ಒಳಗೆ ನೋಡಬಾರದು ಅಂತ. ಬ್ಯಾಂಕ್ ಸ್ಟೇಟ್‌ಮೆಂಟಿಗೂ ಪಾಸ್‌ವರ್ಡ್ ಇರುತ್ತಲ್ಲ ಅನ್ನಬಹುದು. ಇರುತ್ತದೆ, ಆದರೆ ಅದು ಸಾಮಾನ್ಯವಾಗಿ ಪಿಡಿಎಫ್, ಪಾಸ್‌ವರ್ಡ್ ನಿಮ್ಮ ಜನ್ಮ ದಿನಾಂಕದಂಥ ನಿಮಗೇ ಗೊತ್ತಿರುವ ವಿಷಯ. ವರ್ಡ್ ಅಥವಾ ಎಕ್ಸೆಲ್ ಫೈಲ್ ತೆರೆದ ತಕ್ಷಣ "ಎನೇಬಲ್ ಕಂಟೆಂಟ್ ಒತ್ತಿ" ಅಂತ ಚಿತ್ರ ಹಾಕಿ ಹೇಳಿದರೆ, ಅಲ್ಲಿಗೇ ಮುಚ್ಚಿಬಿಡಿ. ಎಮೋಟೆಟ್ ಹೆಚ್ಚಾಗಿ ಬರುತ್ತಿದ್ದುದೇ ಹಾಗೆ. ಆ ಬಟನ್ ಒತ್ತಿದರೆ ಓಡುವುದು ಮ್ಯಾಕ್ರೋ, ಅಂದರೆ ಡಾಕ್ಯುಮೆಂಟಿನ ಒಳಗೇ ಇರುವ ಸಣ್ಣ ಪ್ರೋಗ್ರಾಂ. ಇಂಟರ್‌ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಲ್ಲಿ ತಡೆದ ಮೇಲೆ ಕಳ್ಳರು ಐಎಸ್‌ಒ ಫೈಲ್ (ಇಡೀ ಡಿಸ್ಕನ್ನು ಒಂದೇ ಫೈಲಿನಲ್ಲಿ ಇಟ್ಟದ್ದು), ಶಾರ್ಟ್‌ಕಟ್ ಫೈಲ್, 2023ರಲ್ಲಿ ಒನ್‌ನೋಟ್ ಫೈಲ್ ಕಡೆಗೆ ತಿರುಗಿದರು. ಆದಾಯ ತೆರಿಗೆ ನೋಟಿಸ್ ಅಂತ ಮೇಲ್ ಬಂದರೆ ಅದರೊಳಗಿನ ಲಿಂಕ್ ಮುಟ್ಟಬೇಡಿ. ಪೋರ್ಟಲ್‌ಗೆ ನೀವೇ ಹೋಗಿ, ಅಲ್ಲಿ ನೋಟಿಸ್ ನಿಜವೋ ಸುಳ್ಳೋ ಅಂತ ನೋಡುವ ಸೌಲಭ್ಯ ಲಾಗಿನ್ ಇಲ್ಲದೆಯೂ ಇದೆ.

ಫೈಲ್ ಒತ್ತಿದಿರಿ, ಏನೂ ತೆರೆಯಲಿಲ್ಲ ಅಂದುಕೊಳ್ಳಿ. ಇಲ್ಲಿ ನಮ್ಮ ಆಫೀಸುಗಳಲ್ಲಿ ಆಗುವ ಒಂದು ಅನಾಹುತವಿದೆ. "ನನ್ನ ಸಿಸ್ಟಮ್‌ನಲ್ಲಿ ಓಪನ್ ಆಗ್ತಿಲ್ಲ, ನಿಮ್ಮದರಲ್ಲಿ ನೋಡಿ ಮೇಡಂ" ಅಂತ ಪಕ್ಕದ ಟೇಬಲ್‌ಗೆ ಫಾರ್ವರ್ಡ್ ಮಾಡುತ್ತಾರೆ. ಪಾಪ, ಅವರೂ ಒತ್ತುತ್ತಾರೆ. ಒಂದು ಕಂಪ್ಯೂಟರಿಗೆ ಬಂದಿದ್ದು ಎರಡಕ್ಕೆ ಬಂತು. ಒತ್ತಿದ ಮೇಲೆ ಏನೂ ಕಾಣದಿದ್ದರೆ, ಅಥವಾ ಕಪ್ಪು ವಿಂಡೋ ಒಂದು ಮಿಂಚಿ ಮಾಯವಾದರೆ, ಫೈಲ್ ಹಾಳಾಗಿದೆ ಅಂತ ತಿಳಿಯುವ ಬದಲು ಕೆಲಸ ಮುಗಿಸಿದೆ ಅಂತಲೇ ತಿಳಿಯಿರಿ.

ಕಂಪ್ಯೂಟರ್ ಸ್ಲೋ ಆದರೆ ಮಾತ್ರ ವೈರಸ್ ಅಂತ ಕಾಯಬೇಡಿ. ಮಾಹಿತಿ ಕದಿಯುವ ಟ್ರೋಜನ್‌ಗೆ ಸದ್ದಿಲ್ಲದೆ ಇರುವುದೇ ಲಾಭ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ತಾನಾಗಿ ಆಫ್ ಆಗಿದೆಯಾ, ಅದು ಹುಡುಕದೆ ಬಿಡುವ "ಎಕ್ಸ್‌ಕ್ಲೂಷನ್ಸ್" ಪಟ್ಟಿಯಲ್ಲಿ ನೀವು ಸೇರಿಸದ ಫೋಲ್ಡರ್ ಇದೆಯಾ, ನೀವು ಕಳಿಸದ ಮೇಲ್ ಯಾರಿಗಾದರೂ ಹೋಗಿದೆಯಾ, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಅಪರಿಚಿತ ಹೆಸರು ಇದೆಯಾ, ಇವನ್ನು ನೋಡಿ.

ಅನುಮಾನ ಬಂದ ಕೂಡಲೇ ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ ಕಿತ್ತುಬಿಡಿ. ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ) ಚುಚ್ಚಿದ್ದರೆ ಅದನ್ನೂ ತೆಗೆಯಿರಿ, ಆಡಿಟರ್ ಆಫೀಸಿನವರು ಇದನ್ನು ಜಾಸ್ತಿ ಮರೆಯುತ್ತಾರೆ. ಆಮೇಲೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ "ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್" ಓಡಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗುವ ಮೊದಲೇ ಹುಡುಕುತ್ತದೆ, ಹಾಗಾಗಿ ಟ್ರೋಜನ್‌ಗೆ ಅಡಗಲು ಕಷ್ಟ. ಸುಮಾರು 15 ನಿಮಿಷದ ಕೆಲಸ. ನಂತರ ಒಂದು ಫುಲ್ ಸ್ಕ್ಯಾನ್. ಇನ್ನೊಂದು ಟೂಲ್‌ನಿಂದಲೂ ನೋಡಬೇಕು ಅನ್ನಿಸಿದರೆ ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲಿ ಉಚಿತ ಟೂಲ್‌ಗಳಿವೆ, 2017ರಿಂದಲೇ ಇದೆ, ಎಷ್ಟು ಜನರಿಗೆ ಗೊತ್ತು ಹೇಳಿ. ಆದರೂ ಹಣಕಾಸಿನ ಕೆಲಸ ಮಾಡುವ ಕಂಪ್ಯೂಟರ್ ಆದರೆ ನನ್ನ ಅಭಿಪ್ರಾಯ ಒಂದೇ: ಡಾಕ್ಯುಮೆಂಟ್‌ಗಳನ್ನು ಮಾತ್ರ ಬ್ಯಾಕಪ್ ತೆಗೆದು ವಿಂಡೋಸ್ ಹೊಸದಾಗಿ ಹಾಕಿ. ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಇಲ್ಲದ ಕಳ್ಳ ಕಾಪಿಯ ವಿಂಡೋಸ್ ಮಾತ್ರ ಬೇಡವೇ ಬೇಡ. "ಇನ್‌ಸ್ಟಾಲ್ ಮಾಡೋಕೆ ಮುಂಚೆ ಆಂಟಿವೈರಸ್ ಆಫ್ ಮಾಡಿ" ಅನ್ನುವ ಅಂಥ ಕಾಪಿಯನ್ನು ನಂಬುವುದು ಹೇಗೆ?

ರಿಪೇರಿ ಅಂಗಡಿಗೆ ಕೊಟ್ಟರೆ ಇಷ್ಟನ್ನು ಮಾಡಿಕೊಡುತ್ತಾರೆ. "ವೈರಸ್ ಹೋಯ್ತು ಸರ್" ಅಂತ ವಾಪಸ್ ಕೊಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಯಾಕೆಂದರೆ ಬ್ರೌಸರ್‌ನಲ್ಲಿ ಸೇವ್ ಮಾಡಿದ್ದ ಪಾಸ್‌ವರ್ಡ್‌ಗಳು ಫೈಲ್ ಒತ್ತಿದ ಕೆಲವೇ ನಿಮಿಷಗಳಲ್ಲಿ ಹೊರಗೆ ಹೋಗಿರಬಹುದು. ಲಾಗಿನ್ ಆಗಿರುವ ಸೆಷನ್, ಅಂದರೆ ಮತ್ತೆ ಪಾಸ್‌ವರ್ಡ್ ಕೇಳದ ಹಾಗೆ ಬ್ರೌಸರ್ ಇಟ್ಟುಕೊಂಡ ಗುರುತನ್ನೂ ಕದಿಯುತ್ತಾರೆ, ಅದು ಸಿಕ್ಕರೆ ಎಷ್ಟೋ ಕಡೆ ಓಟಿಪಿ ಕೂಡ ಬೇಕಾಗುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಅದು ವಾಪಸ್ ಬರುತ್ತಾ? ಅಂಗಡಿಯವರು ಈ ಒಂದು ಮಾತು ಹೇಳಬೇಕು, ಹೇಳುವುದಿಲ್ಲ.

2021ರ ಜನವರಿಯಲ್ಲಿ ಎಂಟು ದೇಶಗಳ ತನಿಖಾ ಸಂಸ್ಥೆಗಳು ಸೇರಿ ಎಮೋಟೆಟ್‌ನ ಸರ್ವರ್‌ಗಳನ್ನು ವಶಕ್ಕೆ ತೆಗೆದುಕೊಂಡವು. ಏಪ್ರಿಲ್ 25ಕ್ಕೆ ಸೋಂಕಿದ ಕಂಪ್ಯೂಟರ್‌ಗಳಿಂದ ಅದು ತಾನಾಗಿ ಅಳಿಸಿಹೋಗುವ ಹಾಗೆ ಮಾಡಿದರು. ಆದರೆ ಅಳಿದಿದ್ದು ಎಮೋಟೆಟ್ ಮಾತ್ರ. ಅದು ಒಳಗೆ ಬಿಟ್ಟಿದ್ದ ಬೇರೆ ಮಾಲ್‌ವೇರ್, ಅಷ್ಟರಲ್ಲಿ ಕದ್ದ ಪಾಸ್‌ವರ್ಡ್ ಹಾಗೇ ಉಳಿದವು. ಅದೇ ವರ್ಷ ನವೆಂಬರ್‌ನಲ್ಲಿ ಎಮೋಟೆಟ್ ಕೂಡ ಮತ್ತೆ ಬಂತು. ಜರ್ಮನಿಯ ಗೀಸನ್ ವಿಶ್ವವಿದ್ಯಾಲಯದ ಮೇಲೆ 2019ರ ಡಿಸೆಂಬರ್‌ನಲ್ಲಿ ಮಾಲ್‌ವೇರ್ ದಾಳಿ ಆದಾಗ ಅವರು ಪೆನ್‌ಡ್ರೈವ್ ಹಂಚಿ ಕಂಪ್ಯೂಟರ್‌ಗಳನ್ನು ಸ್ಕ್ಯಾನ್ ಮಾಡಿಸಿದರು, ಜೊತೆಗೆ ಸುಮಾರು 38,000 ಜನರಿಗೆ ಹೊಸ ಪಾಸ್‌ವರ್ಡ್ ಕೊಟ್ಟರು. ವಿದ್ಯಾರ್ಥಿಗಳು ಐಡಿ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತು ಕಾಗದದಲ್ಲಿ ತೆಗೆದುಕೊಂಡರು. ಅಷ್ಟು ಕಷ್ಟಪಟ್ಟಿದ್ದು ಸರಿಯಾಗಿಯೇ ಇತ್ತು.

ನೀವೂ ಅದನ್ನೇ ಮಾಡಬೇಕು. ಸೋಂಕಿಲ್ಲದ ಬೇರೆ ಫೋನ್ ಅಥವಾ ಕಂಪ್ಯೂಟರಿನಿಂದ ಮೊದಲು ಮೇಲ್‌ನ ಪಾಸ್‌ವರ್ಡ್, ಆಮೇಲೆ ಬ್ಯಾಂಕ್, ಆಮೇಲೆ ಜಿಎಸ್‌ಟಿ, ಆದಾಯ ತೆರಿಗೆ ಪೋರ್ಟಲ್. ಎಲ್ಲ ಡಿವೈಸ್‌ಗಳಿಂದ ಸೈನ್ ಔಟ್ ಮಾಡಿ. ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸ್ ತೆಗೆಯಿರಿ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್ ಎರಡನ್ನೂ ನೋಡಿ, ನಿಮ್ಮ ಮೇಲ್‌ನ ಪ್ರತಿ ಇನ್ಯಾರಿಗೋ ಹೋಗುವ ಹಾಗೆ ಯಾರಾದರೂ ಮಾಡಿಟ್ಟಿರಬಹುದು. ವ್ಯವಹಾರದವರಿಗೆ ಮೇಲ್ ಮಾಡುವ ಬದಲು ಫೋನ್ ಮಾಡಿ ತಿಳಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಫೀಸ್ ನಡೆಸುವವರಿಗೆ ಒಂದು ಮಾತು. ಫೈಲ್ ಒತ್ತಿದ ಹುಡುಗನಿಗೋ ಹುಡುಗಿಗೋ ಎಲ್ಲರ ಮುಂದೆ ಬೈಯಬೇಡಿ, ಸಂಬಳದಲ್ಲಿ ಹಿಡಿಯುತ್ತೇನೆ ಅಂತ ಹೆದರಿಸಬೇಡಿ. ಒಬ್ಬರಿಗೆ ಬೈದರೆ ಮುಂದಿನ ಸಲ ಒತ್ತಿದವರು ಬಾಯಿ ಬಿಡುವುದಿಲ್ಲ, ಮೂರು ದಿನ ಬಿಟ್ಟು ಬ್ಯಾಂಕಿನಿಂದ ಎಸ್‌ಎಂಎಸ್ ಬಂದಾಗಲೇ ನಿಮಗೆ ಗೊತ್ತಾಗೋದು. "ಸರ್, ಏನೋ ಒತ್ತಿಬಿಟ್ಟೆ" ಅಂತ ಐದು ನಿಮಿಷದಲ್ಲಿ ಬಂದು ಹೇಳಿದವರಿಗೆ ಥ್ಯಾಂಕ್ಸ್ ಹೇಳಿ, ಎದ್ದು ಹೋಗಿ ಮೊದಲು ಕೇಬಲ್ ಕಿತ್ತುಹಾಕಿ.