ಹೆಸರನ್ನಷ್ಟೇ ಮುಚ್ಚಿಟ್ಟರೆ ಸಾಲದು

ಜ್ಯೂರಿ, ಅಂದರೆ ಮೊಕದ್ದಮೆಯಲ್ಲಿ ತೀರ್ಮಾನ ನೀಡಲು ಆಯ್ದ ಸಾಮಾನ್ಯ ನಾಗರಿಕರ ತಂಡ; ಅದರ ಸದಸ್ಯರ ಗುರುತನ್ನು ಮರೆಮಾಡುವುದು ಮುಕ್ತ ವಿಚಾರಣೆಯ ತತ್ವಕ್ಕೆ ವಿರುದ್ಧವೆಂದು ಲೇಖನವೊಂದರಲ್ಲಿ ಅದರ ಲೇಖಕರು ವಾದಿಸಿದ್ದಾರೆ. ಆ ವಾದವನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. 2023ರ ಆಗಸ್ಟ್‌ನಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಫುಲ್ಟನ್ ಕೌಂಟಿಯಲ್ಲಿ ಟ್ರಂಪ್ ಮತ್ತು ಇತರ 18 ಮಂದಿಯ ಮೇಲೆ ದೋಷಾರೋಪ ಹೊರಿಸಿದಾಗ, ಅಲ್ಲಿನ ಪದ್ಧತಿಯಂತೆ ಗ್ರ್ಯಾಂಡ್ ಜ್ಯೂರಿ (ದೋಷಾರೋಪ ಹೊರಿಸಬೇಕೇ ಎಂದು ನಿರ್ಧರಿಸುವ ನಾಗರಿಕರ ತಂಡ) ಸದಸ್ಯರ ಹೆಸರುಗಳು ದೋಷಾರೋಪ ಪತ್ರದಲ್ಲೇ ಅಚ್ಚಾಗಿದ್ದವು. ಕೆಲವೇ ದಿನಗಳಲ್ಲಿ ಅವರದೆನ್ನಲಾದ ವಿಳಾಸಗಳು ಬೆದರಿಕೆಗಳೊಡನೆ ಅಂತರ್ಜಾಲದಲ್ಲಿ ಹರಿದಾಡತೊಡಗಿ, ಕೌಂಟಿಯ ಪೊಲೀಸ್ ಅಧಿಕಾರಿಯಾದ ಶೆರಿಫ್‌ನ ಕಚೇರಿ ತನಿಖೆಗಿಳಿಯಬೇಕಾಯಿತು. ನ್ಯಾಯಾಧೀಶರಿಗಾದರೂ ಕಾವಲಿರುತ್ತದೆ. ಸಮನ್ಸ್ ಬಂದಿತೆಂಬ ಒಂದೇ ಕಾರಣಕ್ಕೆ ಬಂದು ಕುಳಿತ ಸಾಮಾನ್ಯ ನಾಗರಿಕನು ಸಂಜೆ ತನ್ನ ಮನೆಗೇ ಮರಳಬೇಕು. (ಜ್ಯೂರಿ ಪದ್ಧತಿಯನ್ನು ಎಂದೋ ಕೈಬಿಟ್ಟಿರುವ ನಮಗೆ ಈ ಇಕ್ಕಟ್ಟು ಸುಲಭವಾಗಿ ಅರಿವಾಗುವುದಿಲ್ಲ.)

ಆದರೆ ಹೆಸರನ್ನು ಮರೆಮಾಡಿದ ಮಾತ್ರಕ್ಕೆ ಗುರುತು ಅಡಗುವುದಿಲ್ಲವೆಂಬುದನ್ನು ಟ್ರಂಪ್ ಅವರದೇ 2024ರ ನ್ಯೂಯಾರ್ಕ್ ವಿಚಾರಣೆ ತೋರಿಸಿತು. ನ್ಯಾಯಾಧೀಶ ಹುವಾನ್ ಮರ್ಚನ್ ಅವರು ಜ್ಯೂರಿ ಸದಸ್ಯರ ಹೆಸರುಗಳನ್ನು ಸಾರ್ವಜನಿಕರಿಗೆ ತಿಳಿಸದಿದ್ದರೂ, ಜ್ಯೂರಿಗೆ ಆಯ್ಕೆಯಾಗಿದ್ದ ಮಹಿಳೆಯೊಬ್ಬರು, ಮಾಧ್ಯಮಗಳು ಕೊಟ್ಟ ವಿವರಗಳಿಂದ ಪರಿಚಿತರು ತಮ್ಮನ್ನು ಗುರುತಿಸಿದ್ದಾರೆಂದು ಹೇಳಿ ಹೊರಬಂದರು. ಬಳಿಕವಷ್ಟೇ ಜ್ಯೂರಿ ಸದಸ್ಯರ ಉದ್ಯೋಗದಾತರ ವಿವರ ವರದಿ ಮಾಡದಂತೆ ಪತ್ರಕರ್ತರಿಗೆ ಸೂಚನೆ ಹೋಯಿತು. ಅದು ಮೊದಲೇ ಹೋಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಲೇಖಕರ ಆತಂಕದಲ್ಲಿ ನಿಜವಾದ ತೂಕವಿರುವುದು ಬೇರೆಡೆ: ಗುರುತು ಮುಚ್ಚಿದಾಗ ಆರೋಪಿಯು ಅಪಾಯಕಾರಿ ಎಂಬ ಪೂರ್ವಗ್ರಹ ಜ್ಯೂರಿಯಲ್ಲಿಯೇ ಮೊಳೆಯಬಹುದು. ಹೀಗಾಗಿಯೇ ಅಲ್ಲಿನ ನ್ಯಾಯಾಧೀಶರು ಈ ಕ್ರಮಕ್ಕೆ ಆರೋಪಿಯತ್ತ ಬೆರಳು ತೋರದ ತಟಸ್ಥ ಕಾರಣವನ್ನು ಜ್ಯೂರಿಗೆ ವಿವರಿಸುವುದುಂಟು.